ಹಗೇವಿನ ದೀಪ

ಬಾಗೂರು,
22ನೇ ಸೆಪ್ಟೆಂಬರ್ 1947

ಚಿರಂಜೀವಿ ಗೌರೀಶಂಕರನಿಗೆ, ನಿನ್ನ ತಂದೆಯ ಆಶೀರ್ವಾದಗಳು.

ಕೆಮ್ಮು ಇಳಿಯಿತೇ? ನಿನ್ನ ತಾಯಿ ಕಷಾಯದ ಪುಡಿ ಕಟ್ಟಿಕೊಟ್ಟಿದ್ದಾಳೆ. ಈ ಕಾಗದ ತರುವ ಬೈರಯ್ಯನ ಕೈಯಲ್ಲಿದೆ. ಹಟ ಮಾಡದೆ ಕುಡಿ.

ನಿನ್ನ ಮಾತಿಗೆ ಹಗೇವಿಗಿಳಿದ ಮಂಚಯ್ಯನನ್ನು ಮೊನ್ನೆ ಮಣ್ಣು ಮಾಡಿದೆವು. ನೀನು ಸೈಕಲ್ ಹತ್ತಿ ಹೊರಟುಹೋದ ಮೇಲೆ ಹಗ್ಗ ಹಾಕಿ ಎತ್ತಿದರು, ಉಸಿರಿರಲಿಲ್ಲ. ಸಂಕ್ರಾಂತಿಯಿಂದ ಮುಚ್ಚಿದ್ದ ರಾಗಿ ಹಗೇವು ಅದು. ನೆಲದೊಳಗಿನ ಅಂಥ ಕಾಳಿನ ಗುಂಡಿಯಲ್ಲಿ ಕೆಟ್ಟ ಗಾಳಿ ಕಟ್ಟಿರುತ್ತದೆ. ಬಾಯಿ ತೆರೆದು ಅರ್ಧ ದಿನ ಬಿಟ್ಟು, ಹಗ್ಗದಲ್ಲಿ ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುವುದು ನಮ್ಮ ವಾಡಿಕೆ. “ದೀಪ ಇಳ್ಸಿ ನೋಡ್ಬುಟ್ಟು ಇಳೀತೀನಿ ಸಾ” ಎಂದನಂತೆ ಮಂಚಯ್ಯ. “ರಾಗಿ ಬಚ್ಚಿಡೋಕೆ ನೆಪ ಹೂಡ್ತೀಯಾ? ಇಳಿಯೋ” ಎಂದೆಯಂತೆ, ವಸೂಲಿಗೆ ಬಂದ ಶೇಕದಾರನಾದ ನೀನು. ಸಂಜೆಯೊಳಗೆ ಸರ್ಕಾರಕ್ಕೆ ಅಳೆಯಬೇಕಾದ ಲೆವಿ ರಾಗಿ ಸೇರಬೇಕೆಂದು ಮೇಲಿನ ಹುಕುಂ ಇತ್ತು, ಬಲ್ಲೆ.

ಯುದ್ಧಕಾಲದಲ್ಲೂ ಈ ಜನ ಕಾಳು ಅಳೆದುಕೊಟ್ಟರು. “ಅರಮನೆ ಒಟ್ಟೆಗೆ ನಮ್ ಹಗೇವಿಗಿಂತ ದೊಡ್ಡ ಬಾಯಿ ಕಣ್ಲಾ” ಎಂದು ನಮ್ಮೂರ ಬೋರಪ್ಪ ನಗಿಸುತ್ತಿದ್ದ, ನಕ್ಕು ಸುಮ್ಮನಾಗುತ್ತಿದ್ದರು. ಕಳೆದ ತಿಂಗಳು ದೇಶ ಸ್ವತಂತ್ರವಾಯಿತು; ನಮ್ಮ ಸಂಸ್ಥಾನದಲ್ಲಿ ಮಾತ್ರ ಹಳೆಯ ಹುಕುಮೇ ನಡೆಯಿತು. ಜವಾಬ್ದಾರಿ ಸರ್ಕಾರ ಬೇಕೆಂದು ಪೇಟೆಯ ಹುಡುಗರು ಕೂಗುತ್ತ ಬಂದಾಗ ನಮ್ಮೂರು ಬಾಗಿಲು ಹಾಕಿಕೊಂಡಿತ್ತು. ಈಗ ಬೋರಪ್ಪ ನಗಿಸುವುದಿಲ್ಲ. ಮಂಚಯ್ಯನ ಹೆಂಡತಿ ಲಕ್ಕಮ್ಮ ತಿಥಿಗೂ ಕಾಯದೆ ನಮ್ಮ ಜಗಲಿಯೆದುರು ನಿಂತು, “ನನ್ ಗಂಡನ್ನ ಗುಂಡಿಗೆ ಇಳಿಸ್ದೋರ್ನ ಕುರ್ಚಿಯಿಂದ ಇಳ್ಸಾನ ಬನ್ರೋ” ಎಂದಳು. ನಾಳೆ ಊರಿಗೆ ಊರೇ ನಿನ್ನ ಕಚೇರಿಗೆ ಬರುತ್ತದೆ. ಅಲ್ಲಿ ಬಂದೂಕಿನ ಪೋಲೀಸರು ಬಂದಿಳಿದಿದ್ದಾರೆಂದು ಕೇಳಿದೆ.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆ. ನಿನ್ನನ್ನು ಹಾಸನದಲ್ಲಿ ಓದಿಸುವ ಆತುರದಲ್ಲಿ ಒಮ್ಮೆಯೂ ಹಗೇವಿನ ಬಳಿ ನಿಲ್ಲಿಸಿ ತೋರಿಸಲಿಲ್ಲ. ಆ ತಪ್ಪು ನನ್ನದು. ಬಲ್ಲವನು ಹೇಳಿದಾಗ ಕೇಳದಿದ್ದುದು ನಿನ್ನದು. ಆದರೂ ಎಳೆಯರು ತಿದ್ದಿಕೊಳ್ಳುತ್ತಾರೆಂಬ ನಂಬಿಕೆ ನನಗಿನ್ನೂ ಹೋಗಿಲ್ಲ, ಮಗು. ರಾಜೀನಾಮೆ ಬರೆದಿಟ್ಟು, ಮೆಟ್ಟಿಲಿಳಿದು ಬಂದು ಲಕ್ಕಮ್ಮನೆದುರು ನಿಲ್ಲು. ಅವಳು ಏನೆಂದರೂ ತಲೆಬಾಗಿ ಕೇಳು.

ಶಿವನು ನಿನಗೆ ಆ ಧೈರ್ಯ ಕೊಡಲಿ.

ಇಂತು ನಿನ್ನ ಅಪ್ಪಯ್ಯ,
ಈಶ್ವರಯ್ಯ

ಮರೆತಿದ್ದೆ, ಬೈರಯ್ಯ ಹೊರಟು ನಿಂತಿದ್ದಾನೆ. ಮಂಚಯ್ಯ ಇಳಿಸಬೇಕೆಂದಿದ್ದ ಆ ದೀಪವನ್ನು ನಾಳೆ ಹಾಡಹಗಲಲ್ಲೇ ಹಚ್ಚಿ ಮೆರವಣಿಗೆಯ ಮುಂದೆ ಒಯ್ಯುತ್ತಾರೆ. ಹಿಡಿದು ನಡೆಯುವವನು ನಾನು. ಗುಂಡು ಹಾರಿಸುವ ಹುಕುಂ ಬಂದರೆ, ಈ ಸಲವಾದರೂ ಮೊದಲು ದೀಪ ನೋಡು.