ರಂಜಾನಬಿ ಸಿಸ್ಟರ್ ಕೆಲಸಕ್ಕೆ ಬಂದದ್ದು

9 ಜನವರಿ 1984, ಸೋಮವಾರ. ಮಾನ್ವಿ. ಸಂಜೆ 6

ಕೊಡುತ್ತೇವೆ ಅಂದದ್ದು: ಅವ್ವನ ಬಲಗಣ್ಣಿಗೆ ಪೊರೆ ಆಪರೇಷನ್. ರಾಯಚೂರಿನ ಟ್ರಸ್ಟಿನ ಕಣ್ಣಾಸ್ಪತ್ರೆಯಲ್ಲಿ. ಪುಕ್ಕಟೆ. 'ಬಡವರಿಗೆ ಮೊದಲು' ಅಂತ ಗೋಡೆ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದಾರೆ.

ಕೊಟ್ಟದ್ದು: ಅಕ್ಟೋಬರಿನಲ್ಲಿ ಒಂದು ತಾರೀಖು. ನವೆಂಬರಿನಲ್ಲಿ ಒಂದು. ಡಿಸೆಂಬರಿನಲ್ಲಿ ಒಂದು.

ಕೊಡದೇ ಇದ್ದದ್ದು: ಆಪರೇಷನ್.

ಎಡಗಣ್ಣು ಹೋಗಿ ನಾಲ್ಕು ವರ್ಷ. ಬಲಗಣ್ಣಿನ ಪೊರೆ ಪೂರ್ತಿ ಹಣ್ಣಾಗಿದೆ. ಇನ್ನು ತಡವಾದರೆ ಒಳಗೇ ಒಡೆಯುತ್ತದೆ, ಆಮೇಲೆ ಕಣ್ಣು ಇಲ್ಲ—ದೇವದುರ್ಗದ ಡಾಕ್ಟರು ಬಿಚ್ಚಿ ಹೇಳಿದ್ದಾರೆ. ಆಸ್ಪತ್ರೆಯ ಈ ವರ್ಷದ ಪುಕ್ಕಟೆ ಕ್ಯಾಂಪಿಗೆ ಸೇರಿಸಿಕೊಳ್ಳುವ ಕೊನೆಯ ದಿನ ಫೆಬ್ರವರಿ ಒಂದು. ಇನ್ನು ಇಪ್ಪತ್ತಮೂರು ದಿನ.

ಮೂರು ಸಲ ಮೂವರು ಕರೆದುಕೊಂಡು ಹೋದೆವು. ಮೊದಲು ನಾನು. ಆಮೇಲೆ ತಮ್ಮ ಸುಂಕಪ್ಪ—ಶಕ್ತಿನಗರದಲ್ಲಿ ಫಿಟ್ಟರ್, ಅರ್ಧ ಶಿಫ್ಟು ತಪ್ಪಿಸಿ ಬಂದಿದ್ದ. ಡಿಸೆಂಬರಿನಲ್ಲಿ ಅವನ ಹೆಂಡತಿ ಸೂಗಮ್ಮ. ಅವ್ವನ ಜೊತೆ ದೇವದುರ್ಗದಲ್ಲಿ ಇರುವವಳು ಆಕೆಯೇ. ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ಮೂರು ಸಲವೂ ಬಾಗಿಲು ಹಾಕುವ ಹೊತ್ತಿಗೆ ಅದೇ ಮಾತು: ಮುಂದಿನ ತಿಂಗಳು ಬರ್ರಿ.

ಯಾಕೆ ಅಂತ ನನಗೆ ಗೊತ್ತು. ಚೀಟಿಯ ಮೇಲೆ ನಮ್ಮ ಕೇರಿಯ ಹೆಸರಿದೆ. ಅಷ್ಟು ಸಾಕು ಅವರಿಗೆ. ನಮ್ಮ ದಲಿತ ಸಂಘಕ್ಕೆ ಮೂರು ಪುಟದ ಮನವಿ ಬರೆದುಕೊಟ್ಟೆ. 24ಕ್ಕೆ ಆಸ್ಪತ್ರೆ ಮುಂದೆ ಧರಣಿ.

ಏಳನೇ ಕ್ಲಾಸಿನ ಪೇಪರು ತಿದ್ದುವುದು ಹಾಗೇ ಬಿದ್ದಿದೆ.

11 ಜನವರಿ, ಬುಧವಾರ

ಸುಂಕಪ್ಪ ಬಂದಿದ್ದ. ಚಹಾ ಕುಡಿಯುವ ಮೊದಲೇ ಶುರು.

"ಅಕ್ಕಾ, ನಮ್ಮ ಇಂಜಿನಿಯರ್ ಸಾಹೇಬರ ತಾಯಿಗೆ ಒಬ್ಬ ಸಿಸ್ಟರ್ ಬರ್ತಾರ. ರಂಜಾನಬಿ ಅಂತ. ಸರಕಾರಿ ದವಾಖಾನಿಯೊಳಗ ಮೂವತ್ತು ವರ್ಷ ಮಾಡಿ ರಿಟೈರ್ ಆದಾಕಿ. ಯಾವತ್ತು ಯಾವ ಡಾಕ್ಟರ್, ಯಾವ ಗುಳಿಗಿ, ಎಲ್ಲಾ ಆಕಿನ ನೋಡ್ತಾಳ. ನಾವೂ ಇಟ್ಕೊಳ್ಳೋಣು."

"ನಮ್ಮವ್ವನ್ನ ನೋಡಾಕ ಪಗಾರ ಕೊಟ್ಟು ಮಂದಿ ಇಡೋದಾ?"

"ಸಾಹೇಬರ ಅವ್ವಗ ಇರಬೇಕು. ನಮ್ಮವ್ವಗ ಯಾಕ ಬ್ಯಾಡ?"

ಭಾಷಣ ಮಾಡುವವಳು ನಾನು, ಪ್ರಶ್ನೆ ಕೇಳಿದವನು ಅವನು.

ಸಂಘದ ರಾಮಲಿಂಗಪ್ಪಣ್ಣನಿಗೆ ಹೇಳಿದೆ. ನಕ್ಕ. "ಯಾವಾಗಿಂದ ಸಾವಕಾರ್ತಿ ಆದೆಬೇ ಬಸ್ಸಮ್ಮ? ನಾಳಿ ಅವ್ವಗ ಗಾಳಿ ಹಾಕಾಕೂ ಒಬ್ಬಾಕಿನ ಇಡ್ತಿ."

"ನೀ ಬಾ ಹಂಗಾರ. ರಜಾ ಹಾಕಿ ಕರ್ಕೊಂಡು ಹೋಗು."

ಅವನಿಗೆ ನಾಳೆ ಸಿಂಧನೂರಿನಲ್ಲಿ ಸಭೆ, ನಾಡಿದ್ದು ಲಿಂಗಸೂಗೂರಿನಲ್ಲಿ. ಊರ ಮಂದಿಗೆಲ್ಲ ಕೊಡಲು ಹೊತ್ತುಂಟು. ಅವ್ವಂದಿರಿಗೆ ಇಲ್ಲ. ನನ್ನದೂ ಅದೇ ಕಥೆ... ಬರೆದಿಡುತ್ತೇನೆ, ಚುಚ್ಚಲಿ.

15 ಜನವರಿ, ರವಿವಾರ. ರಾಯಚೂರು

ರಂಜಾನಬಿ ಮನೆಗೆ ಹೋದೆವು. ಬಿಳಿ ಸೀರೆ, ಗಂಡಸರ ಗಡಿಯಾರ. ಅರವತ್ತು ದಾಟಿದರೂ ನೆಟ್ಟಗೆ ನಿಲ್ಲುವ ಹೆಂಗಸು. ನಾನು "ನಿಮ್ಮಿಂದ ದೊಡ್ಡ ಉಪಕಾರ ಆಗಬೇಕು" ಅಂತ ಶುರು ಮಾಡಿದೆ. ಕೈ ಅಡ್ಡ ಹಿಡಿದರು.

"ಅರೆ ಟೀಚರಮ್ಮ, ಉಪಕಾರ ಬ್ಯಾಡ. ಕೆಲಸ ಹೇಳ್ರಿ. ನಾ ಆಯಾ ಅಲ್ಲ. ಉಣಿಸೋದು, ಬಟ್ಟಿ ಒಗಿಯೋದು ನಿಮ್ಮದು. ಯಾವ ದವಾಖಾನಿ, ಯಾವ ತಾರೀಖು, ಏನು ಗುಳಿಗಿ, ಯಾರು ಜೋಡಿ ಹೋಗಬೇಕು—ಅದು ನಂದು. ಅದರಾಗ ಯಾರೂ ಬಾಯಿ ಹಾಕಂಗಿಲ್ಲ. ಮೂರು ಮಂದಿ ಮೂರು ಮಾತು ಹೇಳಂಗಿಲ್ಲ. ಒಬ್ಬರು ಮಾತಾಡ್ರಿ."

"ನಾ ಮಾತಾಡ್ತೀನಿ."

"ನೀವು ಭಾಳ ಮಾತಾಡ್ತೀರಿ. ಸೊಸಿ ಎಲ್ಲಿ?"

ಸೂಗಮ್ಮ ಹಿಂದೆ ನಿಂತಿದ್ದಳು. ಅವಳೇ ಆದಳು. ಸುಂಕಪ್ಪ ಮೀಸೆಯಲ್ಲೇ ನಕ್ಕ. ಅವ್ವನ ಜವಾಬ್ದಾರಿ ಅಷ್ಟೇ ಅಲ್ಲ, ಮಸರಕಲ್ಲಿನ ಮಲ್ಲಯ್ಯ ಮಾವನದೂ—ಅವ್ವನ ತಮ್ಮ ಅವನು—ಸೇರಿಸಿ ಒಪ್ಪಿಸಿದೆವು. ವಾರಕ್ಕೊಂದು ರಜಾ ಕೇಳಿದರು. ಕೊಟ್ಟೆವು. ಕೊಡದೆ ಏನು, ನಾವೂ ಕೂಲಿಯವರೇ.

22 ಜನವರಿ, ರವಿವಾರ. ದೇವದುರ್ಗ

ಹನ್ನೊಂದರ ಬಸ್ಸಿಗೆ ರಂಜಾನಬಿ ಇಳಿದರು, ಮಲ್ಲಯ್ಯ ಮಾವನನ್ನು ಎಬ್ಬಿಸಿಕೊಂಡು. ವಾರವಿಡೀ ತಿರುಗಿದ್ದಾರೆ—ದೇವದುರ್ಗ, ಮಸರಕಲ್, ಕಣ್ಣಾಸ್ಪತ್ರೆ. ಅಂಗಳದಲ್ಲಿ ಅಕ್ಕ ತಮ್ಮ ಇಬ್ಬರನ್ನೂ ಎದುರುಬದರು ಕೂಡಿಸಿದರು. ಕೋರ್ಟು ಶುರುವಾಯಿತು.

"ಯವ್ವಾ, ಬೀಪಿ ಗುಳಿಗಿ ದಿನಾ ತಗೋತಿಯೇನು?"

"ದಿನಾ ಹೆಂಗ ಆಗ್ತದ್ರಿ. ಒಂದಿನ ಬಿಟ್ಟು ಒಂದಿನ."

"ಉಳಿದದ್ದು?"

ಮಾವ ಕೆಮ್ಮಿದ.

"ತಮ್ಮಗ ಕೊಡ್ತೀನ್ರಿ. ಅವಗೂ ತಲಿ ತಿರಗ್ತದಂತ."

"ಅವನ ತಲಿ ತಿರಗೋದು ಬೀಪಿಗಲ್ಲ, ಹಸಿವಿಗೆ. ಬಾಯಾಗ ಹಲ್ಲಿಲ್ಲ, ರೊಟ್ಟಿ ಕಡಿಯಾಕ ಆಗವಲ್ದು. ಯಾರ ಮುಂದೂ ಹೇಳಿಲ್ಲ. ಸಾರಿನ್ಯಾಗ ನೆನಸಿ ಕೊಡ್ರಿ, ನೆಟ್ಟಗಾಗ್ತಾನ. ಏಯ್ ಮಲ್ಲಯ್ಯ, ತಗೀ ಗುಳಿಗಿ."

ಮಾವ ಧೋತರದ ಗಂಟು ಬಿಚ್ಚಿದ. ಎಂಟು ಗುಳಿಗೆ. ಅಂಗಳಕ್ಕೆ ಕೂಡಿದ್ದ ಮಂದಿಯೆಲ್ಲ ನಕ್ಕರು. ರಂಜಾನಬಿ ನಗಲಿಲ್ಲ. ಬೀಪಿ ಏರಿದ್ದರೆ ಆಪರೇಷನ್ ಮಾಡುವುದಿಲ್ಲ, ಹೆಸರು ಕೂಗಿದರೂ ವಾಪಸು ಕಳಿಸುತ್ತಿದ್ದರು ಅಂದರು.

"ಹೆಸರು ಎಲ್ಲಿ ಕೂಗಿದ್ರು?" ಅಂದೆ ನಾನು.

"ಕೂಗ್ಯಾರ ಟೀಚರಮ್ಮ. ರಿಜಿಸ್ಟರ್ ನೋಡಿ ಬಂದೀನಿ. ಮೂರು ತಾರೀಖಿಗೂ ನಿಮ್ಮವ್ವನ ಹೆಸರು, ಯಮನಮ್ಮ ಅಂತ ಅದ. ಮುಂದ ಗೈರುಹಾಜರು."

"ಸುಳ್ಳು!"

"ಹೆಂಗ ಕೂಗ್ಯಾರ ಅದು ಬ್ಯಾರೆ ಮಾತು. ಒಳಗಿನ ಖೋಲಿಯಿಂದ ಕಂಪೌಂಡರ್ ಒಂದ ಸಲ ಕೂಗ್ತಾನ. ತಲಿ ಎತ್ತಂಗಿಲ್ಲ. ಬೆಂಚಿನ ಮ್ಯಾಲೆ ಇದ್ದವರಿಗೆ ಅಷ್ಟ ಕೇಳ್ತದ." ಅವ್ವನ ಕಡೆ ತಿರುಗಿದರು. "ಯವ್ವಾ, ನೀ ಎಲ್ಲಿ ಕುಂತಿದ್ದಿ?"

"ಗೇಟಿನ ಹೊರಗ. ಬೇವಿನ ಗಿಡದ ಬುಡಕ."

"ಮೂರೂ ಸಲ?"

"ಹೂಂ."

"ಬೆಂಚಿನ ಮ್ಯಾಲೆ ಕುಂದ್ರಬ್ಯಾಡ ಅಂತ ಯಾರರ ಅಂದ್ರೇನು?"

"ಅದನ್ನ ಬ್ಯಾರೆ ಅನ್ನಬೇಕೇನ್ರಿ?"

ಸೂಗಮ್ಮ ತಲೆ ತಗ್ಗಿಸಿದಳು—ಡಿಸೆಂಬರಿನಲ್ಲಿ ಅವಳೂ ಅತ್ತೆಯ ಪಕ್ಕದಲ್ಲೇ ಕುಂತಿದ್ದಳು. ನವೆಂಬರಿನಲ್ಲಿ ಸುಂಕಪ್ಪ ಅಲ್ಲಿ ಕೂಡಿಸಿ ಉಳಿದರ್ಧ ಶಿಫ್ಟಿಗೆ ಓಡಿದ್ದ.

ನಾನು? ಅಕ್ಟೋಬರಿನಲ್ಲಿ ಅಲ್ಲಿ ಕೂಡಿಸಿದವಳು ನಾನು. ನೆರಳ ಅದ, ಕುಂದ್ರು ಅಂದೆ. ಕೂಡಿಸಿ ಹೋದದ್ದು ಸಂಘದ ಆಫೀಸಿಗೆ. ಅಸ್ಪೃಶ್ಯತೆಯ ಮೇಲೆ ಕರಪತ್ರ ಬರೆಯಲು.

ಹಡೆದವಳನ್ನು ಗೇಟಿನ ಹೊರಗೆ ಕೂಡಿಸಿ, ಗೇಟಿನ ಹೊರಗೆ ಕೂಡಿಸುವವರ ಮೇಲೆ ಎರಡು ಪುಟ ಬರೆದೆ. ಚೆನ್ನಾಗಿತ್ತು ಅಂದರು ಎಲ್ಲರೂ.

23 ಜನವರಿ, ಸೋಮವಾರ. ರಾಯಚೂರು

ಸಂಘದ ಸಭೆ. ಎದ್ದು ಹೇಳಿದೆ. ನಾನು ಬರೆದ ಮನವಿ ತಪ್ಪು. ಆಪರೇಷನ್ ಕೊಡಲಿಲ್ಲ ಎಂದು ಬರೆದಿದ್ದೇನೆ. ಹೆಸರು ಕೂಗಿದ್ದಾರೆ.

ರಾಮಲಿಂಗಪ್ಪಣ್ಣ ಸಿಟ್ಟಿಗೆದ್ದ. "ಪೋಸ್ಟರ್ ಅಂಟಿಸೀವಿ. ನಾಳಿ ಧರಣಿ. ಈಗ ಬಂದು ಅವರದು ತಪ್ಪಿಲ್ಲ ಅಂತೀಯೇನ?"

"ಅಂದೆನೇನು ಹಂಗ? ಹೊರಗ ಕುಂತವರಿಗೆ ಕೇಳದಂಗ ಕೂಗೋದು ಯಾವ ಧರ್ಮ? ಮೂರು ತಿಂಗಳು ಒಬ್ಬ ಮುದುಕಿ ಬರಲಿಲ್ಲ ಅಂದ್ರ ಯಾಕ ಅಂತ ಗೇಟ್ ದಾಟಿ ನೋಡಲಿಲ್ಲ. ಅದು ತಪ್ಪು. ಖರೇ ಇದ್ದದ್ದಕ್ಕ ಬಡದಾಡೋಣ. ಸುಳ್ಳು ಹಿಡ್ಕೊಂಡು ಹೋದ್ರ ರಿಜಿಸ್ಟರ್ ತೋರಿಸಿ ಮಾರಿ ಮ್ಯಾಲೆ ಒಗಿತಾರ."

ರಾಮಲಿಂಗಪ್ಪಣ್ಣ ಬೀಡಿ ಹಚ್ಚಿದ. ಆಮೇಲೆ—

"ಧರಣಿ ಅಂದ್ರ ಏನು? ಕುಂದ್ರೋದು. ರಸ್ತೆದಾಗ ಯಾಕ? ಒಂದನೇ ತಾರೀಖಿಗೆ ಬೆಂಚಿನ ಮ್ಯಾಲೆನ ಕುಂದ್ರೋಣು. ಕೇರಿಯಾಗ ಕಣ್ಣಿಗೆ ಪೊರಿ ಬಂದವರು ಎಷ್ಟು ಮಂದಿ ಅದಾರ?"

ಅವ್ವ ಸೇರಿ ಒಂಬತ್ತು. ಬಂಡೆಮ್ಮ, ಪರಮಣ್ಣ ಎಲ್ಲರೂ. ಸಭೆಯಲ್ಲಿ ಚಪ್ಪಾಳೆ. ರಾಮಲಿಂಗಪ್ಪಣ್ಣ ದೊಡ್ಡವನು. ಬಾಯಿ ಮಾತ್ರ ಕೆಟ್ಟದ್ದು.

ರಂಜಾನಬಿಗೆ ತಿಳಿಸಿದೆ. ಒಪ್ಪಿದರು. ಒಂದೇ ಷರತ್ತು: ಒಳಗೆ ಘೋಷಣೆ ಕೂಗುವಂತಿಲ್ಲ. "ಪೇಷಂಟಿನ ಬೀಪಿ ಏರ್ತದ. ನನ್ನ ಹತ್ತು ದಿನದ ಮೆಹನತ್ತು ಮಣ್ಣಾಗ್ತದ."

1 ಫೆಬ್ರವರಿ, ಬುಧವಾರ. ರಾಯಚೂರು. ಸಂಜೆ 5

ಕ್ರಮವಾಗಿ ಬರೆಯಬೇಕು.

ಎಂಟಕ್ಕೆ ಗೇಟು ತೆರೆದರು. ಅವ್ವನ ಕಾಲು ತಾನಾಗಿ ಬೇವಿನ ಗಿಡದ ಕಡೆ ತಿರುಗಿತು. ಸೂಗಮ್ಮ ಹೆಗಲು ಹಿಡಿದು ಒಳಗೆ ತಿರುಗಿಸಿದಳು. ಒಂಬತ್ತು ಮಂದಿ, ಎರಡು ಬೆಂಚು. ಮೊದಲಿಗೆ ತುದಿಯ ಮೇಲೆ ಕುಂತರು, ಈಗ ಏಳುತ್ತೇವೆ ಅನ್ನುವ ಹಾಗೆ. "ಸರಿಯಾಗಿ ಕುಂದರ್ರಿ. ಬೆನ್ನು ಹಚ್ಚಿ," ರಂಜಾನಬಿ ಗದರಿದರು.

ಕಂಪೌಂಡರ್ ಹೊರಗೆ ಬಂದ. ನೋಡಿದ. ಯಾರು ಅಂತ ಅವನಿಗೆ ಗೊತ್ತಾಯಿತು, ಅದು ನನಗೂ ಗೊತ್ತಾಯಿತು.

"ಏಯ್ ಮುದುಕಿ, ಏಳು. ಹೊರಗ ಕುಂದ್ರು ಹೋಗು. ಇಲ್ಲಿ ಗದ್ದಲ ಆಗ್ತದ."

ಅವ್ವ ಅರ್ಧ ಎದ್ದಳು. ಎಪ್ಪತ್ತು ವರ್ಷದ ಅಭ್ಯಾಸ ಎಬ್ಬಿಸಿತು ಅವಳನ್ನು. ನನ್ನ ಬಾಯಿಗೆ ಬೆಂಕಿ ಬಂತು. ರಂಜಾನಬಿ ನನ್ನ ಮುಂಗೈ ಹಿಡಿದರು, ಗಟ್ಟಿಯಾಗಿ. "ನೀವು ಬ್ಯಾಡ. ಆಕಿ ಮಾತಾಡ್ಲಿ."

ಬಾಗಿಲ ಬಳಿ ರಾಮಲಿಂಗಪ್ಪಣ್ಣ ನಿಂತು ನೋಡುತ್ತಿದ್ದ.

ಅವ್ವ ಕುಂತಳು. ಬೆನ್ನು ಹಚ್ಚಿ.

"ಹೆಸರು ಕೂಗಪ್ಪಾ. ಮೂರು ಸಲ ಕೂಗಿದಿಯಂತ, ನನಗ ಕೇಳಲಿಲ್ಲ. ಈಗ ಕೂಗು. ಅಲ್ಲೀತನಾ ಏಳಂಗಿಲ್ಲ."

ಪಕ್ಕದಲ್ಲಿ ಬಂಡೆಮ್ಮ: "ನಂದೂ ಕೂಗೋ ತಮ್ಮಾ. ಜೋರ್ ಕೂಗು, ನನಗ ಕಿವಿನೂ ಮಂದ."

ಬೇರೆ ಬೆಂಚಿನ ಮಂದಿ ನಕ್ಕರು. ಅವನ ಮೇಲೆ ನಕ್ಕರು, ನಮ್ಮ ಮೇಲಲ್ಲ. ಗಲಾಟೆ ಕೇಳಿ ದೊಡ್ಡ ಡಾಕ್ಟರು ಬಂದರು. ರಂಜಾನಬಿ ಒಂದೂ ಹೆಚ್ಚಿನ ಮಾತಾಡಲಿಲ್ಲ. ಒಂಬತ್ತು ಮಂದಿಯ ಚೀಟಿ, ಹತ್ತು ದಿನದ ಬೀಪಿ, ಮೂರು ಗೈರುಹಾಜರಿಯ ತಾರೀಖು ಮುಂದಿಟ್ಟರು. "ಇವರು ಬಂದಿದ್ರು ಸಾಹೇಬ್. ಗೇಟಿನ ತನಕ ನಿಮ್ಮ ಧ್ವನಿ ಬರಲಿಲ್ಲ."

ಡಾಕ್ಟರು ಓದಿದರು. ರಿಜಿಸ್ಟರು ತರಿಸಿ ನೋಡಿದರು. ಕಂಪೌಂಡರನಿಗೆ ಇಷ್ಟೇ ಹೇಳಿದರು: "ಇನ್ನು ಬಾಗಿಲಿಗೆ ಬಂದು ಮೂರು ಸಲ ಕೂಗು. ಗಿಡದ ಬುಡಕ ಯಾರೂ ಇಲ್ಲ ಅಂತ ನೋಡಿ ಆಮೇಲೆ ಗೈರುಹಾಜರು ಅಂತ ಬರಿ."

ಹತ್ತೂ ಕಾಲು. ಬಾಗಿಲಲ್ಲಿ ನಿಂತು ಕೂಗಿದ: ಯಮನಮ್ಮ!

"ಅದೀನಿ!" ಅಂದಳು ಅವ್ವ. ಬೀದಿಗೆ ಕೇಳುವ ಹಾಗೆ.

ಬೀಪಿ ಸರಿ ಇದೆ. ಅಡ್ಮಿಟ್. ಒಂಬತ್ತರಲ್ಲಿ ಏಳು ಮಂದಿ ಪಾಸು. ಘೋಷಣೆ ಒಂದೂ ಕೂಗಲಿಲ್ಲ. ನನ್ನ ಜನ್ಮದಲ್ಲಿ ಇಂಥ ಧರಣಿ ಕಂಡಿಲ್ಲ.

2 ಫೆಬ್ರವರಿ

ಆಯಿತು. ಪಟ್ಟಿ ಕಟ್ಟಿದ್ದಾರೆ. ಮಲಗಿದ್ದಾಳೆ.

10 ಫೆಬ್ರವರಿ, ಶುಕ್ರವಾರ

ಪಟ್ಟಿ ಬಿಚ್ಚಿದರು. ತಾತ್ಕಾಲಿಕವಾಗಿ ದಪ್ಪ ಗಾಜಿನ ಚಾಳೀಸು ಹಾಕಿದರು. ಅವ್ವ ಮೊದಲು ಸೂಗಮ್ಮನನ್ನು ನೋಡಿದಳು, ಬಹಳ ಹೊತ್ತು. ಆಮೇಲೆ ನನ್ನನ್ನು.

"ನಿನಗ ಇಷ್ಟು ಬಿಳಿಗೂದಲ ಯಾವಾಗ ಬಂದ್ವಬೇ? ಯಾರೂ ಹೇಳಲೇ ಇಲ್ಲ ನನಗ."

ರಾಮಲಿಂಗಪ್ಪಣ್ಣ ಮುಂದೆ ಬಂದ. "ಯವ್ವಾ, ನಾ ಯಾರು ಹೇಳು?"

"ದನಿ ಕೇಳಿ ಭಾರಿ ಎತ್ತರದ ಮನಷ್ಯಾ ಅಂದ್ಕೊಂಡಿದ್ನೆಪ್ಪಾ. ಇಷ್ಟ ಅದಿಯೇನು?"

ವಾರ್ಡೆಲ್ಲ ನಕ್ಕಿತು. ನಾನು ಹೊರಗೆ ಹೋಗಿ ಅತ್ತೆ. ಗೆದ್ದ ಅಳು. ನಾಚಿಕೆ ಇಲ್ಲ.

12 ಫೆಬ್ರವರಿ, ರವಿವಾರ. ದೇವದುರ್ಗ

ಮುಂಜಾನೆಯಿಂದ ಮಂದಿ. ನಮ್ಮ ಮುದುಕರಿಗೂ ರಂಜಾನಬಿ ಬೇಕು ಅಂತ. ಮಸರಕಲ್ಲಿನಿಂದ ಐದು ಮನೆ, ಮಾನ್ವಿಯಿಂದ ಮೂರು, ನಮ್ಮ ಕೇರಿಯಿಂದ ಏಳು. ಮಲ್ಲಯ್ಯ ಮಾವ ಎಲ್ಲರಿಗೂ ಭಾಷಣ ಮಾಡುತ್ತಿದ್ದಾನೆ—ಮೈ ತುಂಬಿಕೊಂಡಿದ್ದಾನೆ, ಧ್ವನಿಯೂ ಬಂದಿದೆ.

ರಂಜಾನಬಿ ಒಬ್ಬರಿಂದ ಆಗುವುದಿಲ್ಲ ಅಂದರು. ಇನ್ನೊಬ್ಬರನ್ನು ತಯಾರು ಮಾಡುತ್ತಾರಂತೆ. ಯಾರನ್ನು ಅಂದೆ. ಸೂಗಮ್ಮನ ಕಡೆ ಬೊಟ್ಟು ಮಾಡಿದರು. "ಈಕಿ ಕಡಿಮಿ ಮಾತಾಡ್ತಾಳ, ಎಲ್ಲಾ ನೆನಪಿಡ್ತಾಳ. ಪಗಾರದ ಕೆಲಸ, ಹಾಂ? ಮನಿಯಾಕಿ ಅಂತ ಪುಕ್ಕಟೆ ದುಡಿಸಂಗಿಲ್ಲ."

ಸೂಗಮ್ಮ ಮೊದಲ ಸಲ ಬಾಯಿಬಿಟ್ಟು ಕೇಳಿದಳು: "ವಾರದ ರಜಾ ನನಗೂ ಅದ ಏನ್ರಿ?"

"ಅದ," ಅಂದರು ರಂಜಾನಬಿ. ಪಗಾರ, ರಜಾ ಎಲ್ಲ ಬರೆದು ಸಹಿ ಹಾಕಿಸಬೇಕು. ಹದಿನೈದು ಮನೆಯೂ ಕೂಡಬೇಕು.

ಸಭೆ: ರವಿವಾರ, 19ನೇ ತಾರೀಖು. ಮಸರಕಲ್, ಮಲ್ಲಯ್ಯ ಮಾವನ ಅಂಗಳ. ಮುಂಜಾನೆ ಹತ್ತು ಗಂಟೆ. ಹತ್ತು ಅಂದರೆ ಹತ್ತು, ರಾಮಲಿಂಗಪ್ಪಣ್ಣನಿಗೂ ಅಷ್ಟೇ.