ನಾಲ್ಕನೆಯ ಮುಖ

ಜೂನ್ 12, ಬುಧವಾರ. ಹಾನಗಲ್ಲ

ಪೇಪರ್ ವ್ಯಾಲ್ಯುವೇಶನ್ ಮುಗಿಯುತ್ತಿಲ್ಲ. ಚಾಲುಕ್ಯರ ಆಡಳಿತದ ಬಗ್ಗೆ ಒಬ್ಬ ಬರೆದಿದ್ದಾನೆ: 'ಅವರು ಬಹಳ ಒಳ್ಳೆಯವರಾಗಿದ್ದರು.' ಅರ್ಧ ಮಾರ್ಕ್ ಕೊಟ್ಟೆ. ಚಹಾಕ್ಕೆಂದು ಸ್ಟಾಫ್ ರೂಮಿಗೆ ಹೋದರೆ ಮೇಜಿನ ಮೇಲೆ ಹೊಸ ಸಂಶೋಧನಾ ಪತ್ರಿಕೆ. ಮುಖಪುಟದ ಮೇಲೆ ನನ್ನ ಕಲ್ಲು.

ಚಿಕ್ಕೇರೂರಿನ ಆಚೆ, ಉಳಿವೆಪ್ಪನ ದನದ ಕೊಟ್ಟಿಗೆಗೆ ಬೆನ್ನು ಕೊಟ್ಟು ನಿಂತ ಶಾಸನ. ಎರಡು ವರ್ಷದ ಹಿಂದೆ ಒಬ್ಬಳೇ ಹೋಗಿ, ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ಬಡಿದು, ಮಸಿ ತಟ್ಟಿ ತೆಗೆದ ಅಚ್ಚು. ಅಂಗಳದಲ್ಲಿ ಒಣಗಹಾಕಿದಾಗ ಉಳಿವೆಪ್ಪನ ತಾಯಿ ಮುದಕವ್ವನ ಕೋಳಿ ಮಸಿಯ ತಟ್ಟೆ ತುಳಿದು ಕಾಗದದ ಮೇಲೆ ಹಾದು ಹೋಗಿತ್ತು. ಆ ಕಾಲಿನ ಗುರುತು ಮುಖಪುಟದ ಮೂಲೆಯಲ್ಲಿ ಹಾಗೇ ಇದೆ.

ಲೇಖನ ಮಾತ್ರ ಡಾ. ಮಾಲತೇಶ ಅವರದು. ನನ್ನ ಗೈಡ್. 'ಸ್ವತಃ ಕ್ಷೇತ್ರಕಾರ್ಯ ಮಾಡಿ ಬೆಳಕಿಗೆ ತಂದ...' ಆ ಊರಿನ ಬಸ್ ಎಲ್ಲಿ ನಿಲ್ಲುತ್ತದೆ ಎಂಬುದೂ ಅವರಿಗೆ ಗೊತ್ತಿಲ್ಲ. ಅಚ್ಚು, ಓದು ಎರಡನ್ನೂ 'ನೋಡಿ ಕೊಡ್ತೇನಿ' ಎಂದು ಇಟ್ಟುಕೊಂಡವರು. ನನ್ನ ಪಿಎಚ್‌ಡಿ ನಿಂತದ್ದು ಅಲ್ಲಿಯೇ. ನಾನಿನ್ನೂ ಗೆಸ್ಟ್ ಲೆಕ್ಚರರ್.

ಚಹಾ ಆರಿತು. ಕುಡಿಯಲಿಲ್ಲ.

ಜೂನ್ 13

ಫೋನ್ ಮಾಡಿದೆ. ಸರ್ ನಕ್ಕರು.

"ಅಲ್ಲ ಶೈಲಾ, ಶಿಷ್ಯರ ಕೆಲಸ ಬ್ಯಾರೆ, ಗುರುವಿನ ಕೆಲಸ ಬ್ಯಾರೆ ಅಂತ ಇರ್ತೈತೇನು? ಕಡೀಕ ನಿನ್ನ ಹೆಸರ ಹಾಕೇನಿ ನೋಡು."

ನೋಡಿದೆ. ಕೊನೆಯ ಪುಟದ ಅಡಿಯಲ್ಲಿ, ಟೈಪಿಸ್ಟ್ ನಂತರ, ಡ್ರೈವರ್‌ಗಿಂತ ಮುಂಚೆ. 'ಕು. ಶೈಲಜಾ.' ನಾನು ಶೈಲಶ್ರೀ. ಆರು ವರ್ಷ ಅವರ ಕೈಕೆಳಗೆ ಇದ್ದವಳು.

ಅಳು ಬರಲಿಲ್ಲ. ಬಂದದ್ದು ಬೇರೆ ಏನೋ. ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗೆ, ಆದರೆ ಹಿತವಾಗಿ.

ಜುಲೈ 21, ರವಿವಾರ. ಸಂಜೆ

ಒಂದೇ ಸಮ ಮಳೆ. ಬೆಳಿಗ್ಗೆ ಉಳಿವೆಪ್ಪನ ಫೋನ್. "ಅಕ್ಕಾರ, ಕೊಟ್ಟಿಗಿ ಗ್ವಾಡಿ ಬಿತ್ತರಿ. ದನಾ ಎಲ್ಲಾ ಆರಾಮ ಅದಾವು. ಆ ಕಲ್ಲಿನ ಹಿಂದೂ ಅಕ್ಷರ ಕಾಣಾಕತ್ತಾವ್ರಿ."

ಸಿಕ್ಕ ಬಸ್ ಹತ್ತಿದೆ. ಉಳಿವೆಪ್ಪ ಮಳೆಗೆ ಅಡ್ಡವಾಗಿ ಕಲ್ಲಿನ ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಹಿಡಿದು ನಿಂತಿದ್ದ. ಬಳಪದ ಕಲ್ಲು, ಕೈಯಿಟ್ಟರೆ ಸೋಪಿನ ಹಾಗೆ ನುಣುಪು. ಮೂರು ಮುಖ ನನಗೆ ಬಾಯಿಪಾಠ: ಊರಿನ ಗಣಿತದ ಉಪಾಧ್ಯಾಯ ಸೂರ್ಯಗ್ರಹಣ ಬರುವ ದಿನ ಲೆಕ್ಕ ಹಾಕಿ ಹೇಳಿದ. ಆ ಪುಣ್ಯದಿನಕ್ಕೆಂದು ಅವನಿಗೆ ಭೂಮಿ ಕೊಟ್ಟರು. ಇದನ್ನೇ ಹಿಡಿದು ಸರ್ ಬರೆದದ್ದು: 'ಊರಿಗೆ ಊರೇ ಕಣ್ಣಾರೆ ಕಂಡ ಗ್ರಹಣ. ನಮ್ಮ ನಾಡಿನ ಗಣಿತ ತಪ್ಪಿದ್ದೇ ಇಲ್ಲ.'

ನಾಲ್ಕನೆಯ ಮುಖದ ಕೆತ್ತನೆ ಬೇರೆ ಕೈಯದು. ಆಮೇಲೆ ಕೆತ್ತಿದ್ದು. ಬ್ಯಾಟರಿಯ ಬೆಳಕು ಓರೆಯಾಗಿ ಹಿಡಿದು ಓದಿದೆ. ಜನ ಹೊಳೆಗೆ ಹೋಗಿ ಕಾದರು. ಬಿಸಿಲು ಬಿಸಿಲಾಗಿಯೇ ಇತ್ತು. ಗ್ರಹಣ ಬರಲಿಲ್ಲ. ಉಪಾಧ್ಯಾಯ ಸಭೆಗೆ ಬಂದು ಹೇಳಿದ: 'ಎನ್ನ ಗಣಿತಂ ತಪ್ಪಿತ್ತು.' ತನಗೆ ಕೊಟ್ಟ ಭೂಮಿಯನ್ನು ಊರ ಕೆರೆಯ ಖರ್ಚಿಗೆ ಬಿಟ್ಟುಕೊಟ್ಟ. ಅದನ್ನು ತಾನೇ ನಿಂತು ಕೆತ್ತಿಸಿದ.

ಮಳೆಯಲ್ಲಿ ನಿಂತು ಜೋರಾಗಿ ನಕ್ಕೆ. ಮುದಕವ್ವ ಹೊಸ್ತಿಲಿಂದ, "ಹುಚ್ಚ ಹಿಡೀತೇನ ಯವ್ವಾ?" ಎಂದಳು. ಅಚ್ಚು ತೆಗೆಯಲು ಆಗಲಿಲ್ಲ, ಕಾಗದ ಕರಗಿಹೋಯಿತು. ಮೊಬೈಲಿನಲ್ಲಿ ಫೋಟೋ ಮಾತ್ರ.

ಜುಲೈ 24. ಸವಣೂರು

ತಸ್ಲೀಮಾಳ ಮನೆಗೆ ಹೋದೆ. ಹಾಸ್ಟೆಲ್ ಗೆಳತಿ, ಈಗ ಇಲ್ಲಿ ಫಿಸಿಕ್ಸ್ ಕಲಿಸುತ್ತಾಳೆ. ಶಾಸನದ ತಿಥಿಯನ್ನು ಕಂಪ್ಯೂಟರಿಗೆ ಹಾಕಿ ನೋಡಿದಳು.

"ಗ್ರಹಣ ಆಗೇತಿ, ಆದ್ರ ಇಲ್ಲೆ ಅಲ್ಲ. ನೆರಳು ದಕ್ಷಿಣದ ಸಮುದ್ರದ ಮ್ಯಾಲೆ ಹೋಗೇತಿ. ಅಮಾಸಿ ಬರೋಬ್ಬರಿ ಹಿಡದಾನ ನಿಮ್ಮ ಉಪಾಧ್ಯಾಯ. ಈ ಜಾಗಾದಿಂದ ನೋಡಿದ್ರ ಚಂದ್ರ ಎಷ್ಟ ಸರದಂಗ ಕಾಣತಾನ, ಅದನ್ನ ಕೂಡಿಸೂದ್ರಾಗ ತಪ್ಯಾನ. ಅದಕ್ಕ ಲಂಬನ ಅಂತಿದ್ರು. ಆ ಲೆಕ್ಕ ಆಗಲೇ ಗೊತ್ತಿತ್ತು, ಭಾಳ ತಲಿನೋವಿಂದು." ಕಂಪ್ಯೂಟರಿನಿಂದ ನನ್ನ ಕಡೆ ತಿರುಗಿ, "ಬರದ ಬಿಡಲೇ ಇದನ್ನ. ನಿನ್ನ ಹೆಸರಿನ್ಯಾಗ. ಈ ವಾರನ."

ಬರೆಯುವುದಿಲ್ಲ. ಈಗ ಬರೆದರೆ ಸರ್ ಏನು ಮಾಡುತ್ತಾರೆ? 'ಶಿಷ್ಯೆಯ ಹೊಸ ಶೋಧ' ಎಂದು ಬೆನ್ನು ತಟ್ಟಿ ಪಾರಾಗುತ್ತಾರೆ. ಡಿಸೆಂಬರಿನಲ್ಲಿ ಹಿರೇಕೆರೂರಿನಲ್ಲಿ ಸೆಮಿನಾರ್ ಇದೆ, ಈ ಶಾಸನದ ಮೇಲಿನ ಅವರ ಪುಸ್ತಕದ ಬಿಡುಗಡೆ. ಮರುದಿನ ಎಲ್ಲರೂ ಕಲ್ಲು ನೋಡಲು ಹೋಗುವವರು. ಅವರು ಇನ್ನಷ್ಟು ಎತ್ತರ ಹತ್ತಲಿ. ನಿಚ್ಚಣಿಕೆಯನ್ನು ನಾನೇ ಹಿಡಿದುಕೊಂಡು ನಿಲ್ಲುತ್ತೇನೆ.

"ಕಲ್ಲ ಕಾಯ್ಕೋ ಹಂಗಾರ," ಎಂದಳು ತಸ್ಲೀಮಾ. "ಸುಳ್ಳ ಫೋಟೋ ಈಗ ಯಾರ ಬೇಕಾದ್ರೂ ಮಾಡ್ತಾರ."

ಆಗಸ್ಟ್ 4, ಅಮಾವಾಸ್ಯೆ

ಅಚ್ಚು ತೆಗೆಯಲು ಹೋದರೆ ಮುದಕವ್ವ ನಾಲ್ಕನೆಯ ಮುಖಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಾಳೆ, ಅಂಗೈತುಂಬ. ಸಿಟ್ಟು ನೆತ್ತಿಗೇರಿತು. ಎಣ್ಣೆ ಕುಡಿದ ಕಲ್ಲಿಗೆ ಒದ್ದೆ ಕಾಗದ ಹಿಡಿಯುವುದಿಲ್ಲ.

"ಹಚ್ಚಬ್ಯಾಡ ಅಂತ ಎಷ್ಟ ಸಲ ಹೇಳೇನಿ, ಮುದಕವ್ವ."

"ಇಷ್ಟ ದಿನಾ ಗ್ವಾಡಿ ಹಿಂದ ಬೆನ್ನ ಒಣಗಿಸ್ಕೊಂಡ ನಿಂತಿತ್ತವ್ವ ಪಾಪ. ನೀ ಅಚ್ಚ ತಗದ ಹ್ವಾದಾಗಿಂದ ಮುಂದಷ್ಟ ಹಚ್ಚಾಕತ್ತೇನಿ, ಹಿಂದ ಬಿಟ್ರ ದೇವರ ಏನಂದೀತು?"

ಉಳಿವೆಪ್ಪನನ್ನು ಬದಿಗೆ ಕರೆದೆ. ಡಿಸೆಂಬರಿನವರೆಗೆ ಈ ಮುಖ ಯಾರ ಕಣ್ಣಿಗೂ ಬೀಳಬಾರದು ಎಂದೆ. "ನಾ ಅದೇನಲ್ಲರಿ," ಎಂದು ಆ ಮುಖ ಮುಚ್ಚುವಂತೆ ಗೋವಿನಜೋಳದ ಒಣ ದಂಟಿನ ಸೊಪ್ಪೆ ಒಟ್ಟಿದ.

ಸೆಪ್ಟೆಂಬರ್ 19

ಸರ್‌ಗೆ ಫೋನ್. ಹೋದ ವಾರ ಮಾಡಿದ್ದು, ಹಾಲು ಸಕ್ಕರೆ ಬೆರೆಸಿದ ದನಿಯಲ್ಲಿ. "ಸರ್, ಪುಸ್ತಕಕ್ಕ ಪ್ರೂಫ್ ನೋಡಿ ಕೊಡ್ಲೇನ್ರಿ? ಒಂದ ಸಂಶಯ. ನಾಕನೇ ಮುಖ?"

"ಖಾಲಿ ಐತಿ. ನಾನ ಕೈಯಾಡಿಸಿ ನೋಡೇನಿ."

"ಹಂಗಂತ ಬರೀರಲ್ರಿ ಸರ್. ಯಾರೂ ಬಾಯಿ ತಗಿಯಂಗಿಲ್ಲ."

ಬರೆದರು. ಇವತ್ತು ಪ್ರೂಫ್ ಬಂತು, ಪುಟ ನಲವತ್ತೊಂದರಲ್ಲಿ ಇದೆ. ಪ್ರೂಫಿನಲ್ಲಿ ಆ ಸಾಲಿನ ಕಾಮಾ ನಾನೇ ಸರಿ ಮಾಡಿದೆ. ಇಂಥ ಸುಖ ನನಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಡಿಸೆಂಬರ್ 8, ರವಿವಾರ

ಕಲ್ಲು ನೋಡಲು ಹೋದರೆ ಸೊಪ್ಪೆ ಇಲ್ಲ. ಕಲ್ಲಿನ ಹಿಂಭಾಗ ಪೂರ್ತಿ ಸಿಮೆಂಟ್.

ಉಳಿವೆಪ್ಪನ ಮುಖದಲ್ಲಿ ಹೆಮ್ಮೆ. "ಪೇಪರಿನ್ಯಾಗ ಬಂದ ಮ್ಯಾಲೆ ಮಂದಿ ಬರಾಕತ್ತಿದ್ರರಿ ಅಕ್ಕಾರ. ಸೊಪ್ಪಿ ದನಾ ತಿಂದ ಬಿಡ್ತಾವು. ಯಾರಿಗೂ ಕಾಣಬಾರದು ಅಂದಿದ್ರಲ್ಲ. ಗೌಂಡಿ ಮಂಜಪ್ಪನ ಕಡಿಂದ ಹೊಡಿಸಿ ಬಿಟ್ಟೇನ್ರಿ."

ಬಯ್ಯುವುದು ಹೇಗೆ? ಅವನು ನನ್ನ ಮಾತನ್ನೇ ನಡೆಸಿದವನು. ಬಳಪದ ಕಲ್ಲು ಪದರು ಪದರಾಗಿ ಏಳುವ ಕಲ್ಲು. ಸಿಮೆಂಟ್ ಕಿತ್ತರೆ ಅಕ್ಷರವೂ ಅದರ ಜೊತೆಗೆ ಬರುತ್ತದೆ. ಕೀಳದಿದ್ದರೆ ಪುಟ ನಲವತ್ತೊಂದು ನಿಜವಾಗುತ್ತದೆ.

ಡಿಸೆಂಬರ್ 13, ಶುಕ್ರವಾರ. ಹಿರೇಕೆರೂರು

ಪುಸ್ತಕ ಬಿಡುಗಡೆ. ಶಾಲು, ಹಾರ, ಏಲಕ್ಕಿ ಮಾಲೆ. ಸರ್ ಚೆನ್ನಾಗಿ ಮಾತಾಡಿದರು, ಅದನ್ನು ಒಪ್ಪಲೇಬೇಕು. 'ನಾಲ್ಕನೆಯ ಮುಖ ಖಾಲಿ ಬಿಟ್ಟಿದ್ದಾರೆ. ಯಾಕಂದರೆ ಹೇಳಬೇಕಾದದ್ದು ಮೂರರಲ್ಲೇ ಪೂರ್ತಿಯಾಗಿದೆ.' ಚಪ್ಪಾಳೆ.

ಎದ್ದು ನಿಂತೆ. ನಾಲ್ಕನೆಯ ಮುಖದಲ್ಲಿ ಬರಹ ಇದೆ ಸರ್, ನಾಳೆ ಎಲ್ಲರ ಎದುರು ತೆರೆಯೋಣ ಎಂದೆ. ಅವರ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆ ಒಂದು ಗಳಿಗೆಯನ್ನು ಜೀವ ಇರುವವರೆಗೆ ಮರೆಯುವುದಿಲ್ಲ.

"ತಗಿಯೋಣಂತ," ಎಂದರು. "ಇಲ್ಲದಿದ್ರ ಏನ ಮಾಡ್ತಿ?"

ಏನು ಮಾಡುತ್ತೇನೋ ನನಗೂ ಗೊತ್ತಿಲ್ಲ.

ಡಿಸೆಂಬರ್ 14, ಶನಿವಾರ. ಸಂಜೆ 6

ಎರಡು ಬಸ್ ಜನ. ಮೊಬೈಲ್‌ಗಳೆಲ್ಲ ಮೇಲೆದ್ದಿದ್ದವು. ಮೈಕ್ ನನ್ನ ಕೈಗೆ ಕೊಟ್ಟಿದ್ದರು. ಮಂಜಪ್ಪ ಚಾಣ ಹಿಡಿದು ಅಂಚಿನಲ್ಲಿ ಮೆಲ್ಲಗೆ ಒಂದು ಏಟು ಹಾಕಿದ. ನಾನು ಕಣ್ಣು ಮುಚ್ಚಿದೆ. 'ಟಪ್' ಎಂದಿತು. ಕಣ್ಣು ತೆರೆದರೆ, ಎಣ್ಣೆ ಸವರಿದ ಹಂಚಿನಿಂದ ದೋಸೆ ಎದ್ದ ಹಾಗೆ ಸಿಮೆಂಟ್ ಹಲಗೆ ಹಲಗೆಯಾಗಿ ಎದ್ದು ಬಂತು. ಕೆಳಗೆ ಅಕ್ಷರ, ಒಂದೂ ಮುಕ್ಕಾಗಿಲ್ಲ.

"ಎಣ್ಣಿ ಕುಡದ ಕಲ್ಲಿಗೆ ಸಿಮಿಟ ಹಿಡಿಯಂಗಿಲ್ಲರಿ," ಎಂದ ಮಂಜಪ್ಪ. ಮುದಕವ್ವ ನನ್ನ ಕಡೆ ನೋಡಿದಳು.

ಎಷ್ಟೋ ದಿನ ಕನ್ನಡಿಯ ಮುಂದೆ ಅಂದುಕೊಂಡಿದ್ದ ಮಾತು ಆಡಿದೆ. "ಸರ್, ನಿಮ್ಮ ಕಲ್ಲು. ನೀವ ಓದ್ರಿ."

ಮೈಕ್ ಅವರ ಕೈಗೆ ಹೋಯಿತು. ಓದಿದರು. ತಡೆತಡೆದು. ಹೊಳೆ, ಜನ, ಬಿಸಿಲು. 'ಎನ್ನ ಗಣಿತಂ ತಪ್ಪಿತ್ತು' ಎಂಬಲ್ಲಿ ನಿಂತರು. ನನ್ನ ಎದೆ ತಂಪಾಯಿತು, ಆರು ತಿಂಗಳ ಕೆಂಡ ಆರಿತು.

ಅವರು ಕನ್ನಡಕ ತೆಗೆದರು. ಕಲ್ಲಿಗೆ ಕೈ ಮುಗಿದರು.

"ಆ ಉಪಾಧ್ಯಾಯ ತುಂಬಿದ ಸಭಾದಾಗ ತಪ್ಪಾತು ಅಂದ. ಅವನ ಮುಂದ ನಾ ಯಾವ ಲೆಕ್ಕ? ನಂದೂ ತಪ್ಪಾತು. ಪುಸ್ತಕ ತಿದ್ದತೇನಿ."

ಚಪ್ಪಾಳೆ. ನಿನ್ನೆಗಿಂತ ದೊಡ್ಡದು. ಯಾರೋ ಅವರ ಕಾಲಿಗೆ ಬಿದ್ದರು. ನನ್ನ ಪಕ್ಕದವರು ಕಣ್ಣೊರೆಸಿಕೊಂಡು, "ಎಂಥಾ ದೊಡ್ಡ ಮನಸ್ಸರಿ," ಎಂದರು.

ಡಿಸೆಂಬರ್ 15

ಪೇಪರ್: 'ಶಾಸನದ ಗುರುವಿನ ಹಾದಿಯಲ್ಲಿ ಪ್ರಾಧ್ಯಾಪಕ.' ನಾಲ್ಕನೆಯ ಮುಖವನ್ನು ಮೊದಲ ಬಾರಿಗೆ ಓದಿದವರು ಡಾ. ಮಾಲತೇಶ. ಸ್ಥಳೀಯ ಉಪನ್ಯಾಸಕಿಯೊಬ್ಬರು ನೆರವಾದರು.

ಅವರು ಒಪ್ಪಿದ್ದು ಗ್ರಹಣದ ತಪ್ಪು, ಕಳವಿನದಲ್ಲ. ಮೂರು ಮುಖ ಕದ್ದರು. ನಾಲ್ಕನೆಯದನ್ನು ನಾನೇ ತಟ್ಟೆಯಲ್ಲಿಟ್ಟು ಕೊಟ್ಟೆ, ಮೈಕ್ ಸಮೇತ.

ಡಿಸೆಂಬರ್ 22, ರವಿವಾರ

ತಸ್ಲೀಮಾಳ ಫೋನ್ ಎತ್ತುತ್ತಿಲ್ಲ. ಅವಳು ಏನನ್ನುತ್ತಾಳೆಂದು ಗೊತ್ತು.

ಕಲ್ಲಿನ ಹತ್ತಿರ ಹೋದೆ. ಯಾಕೆ ಹೋದೆನೋ. ಮುದಕವ್ವ ಕಟ್ಟೆಯ ಮೇಲೆ ಕೂತು ಸರ್ ಕೊಟ್ಟ ಪುಸ್ತಕ ತಿರುವಿ ಮುರುವಿ ನೋಡುತ್ತಿದ್ದಳು. ಅದರ ಮುಖಪುಟಕ್ಕೂ ನನ್ನ ಅದೇ ಅಚ್ಚು; ಅದರ ಮೂಲೆಯ ಮೇಲೆ ಬೆರಳಿಟ್ಟಳು.

"ಇದು ನನ್ನ ಕೆಂಚ ಕೋಳಿ ಕಾಲು. ಒಂದ ಉಗರ ಇದ್ದಿಲ್ಲ ಅದಕ, ನೋಡಿಲ್ಲೆ. ಅವತ್ತ ನೀ ಒಬ್ಬಾಕಿನ ಬಂದಿದ್ದಿ. ಮುಂಜಾನಿಂದ ಉಪವಾಸ ಕಲ್ಲ ಬಡದಿ, ನಾನ ರೊಟ್ಟಿ ಕೊಟ್ಟಿದ್ದೆ. ಈ ಸಾಹೇಬನ ಮಾರಿ ನಾ ಮೊನ್ನೆ ಮೊದಲ ನೋಡಿದ್ದು. ಅಷ್ಟ ಮಂದ್ಯಾಗ ನನ್ನ ಒಂದ ಮಾತ ಕೇಳಿದ್ರ ಹೇಳತಿದ್ನೆಲ್ಲವ್ವಾ. ಯಾಕ ಕೇಳಲಿಲ್ಲ?"

ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ಯಾಕೆ ಕೇಳಲಿಲ್ಲ? ಮೈಕ್ ಕೈಯಲ್ಲಿತ್ತು. ಸಾಕ್ಷಿ ಎರಡು ಮಾರು ದೂರದಲ್ಲಿ ನಿಂತಿದ್ದಳು. ಕೇಳಲಿಲ್ಲ, ಯಾಕೆಂದರೆ ಅವತ್ತು ನನಗೆ ನನ್ನ ಹೆಸರು ನೆನಪೇ ಆಗಲಿಲ್ಲ. ಆರು ತಿಂಗಳು ಹಗಲೂ ರಾತ್ರಿ ನಾನು ಜಪಿಸಿದ್ದು ಬರೀ ಅವರ ಹೆಸರು.