ಫಕೀರವ್ವನ ಗುರೆಳ್ಳು

ಇಸವಿ ಎರಡು ಸಾವಿರದ ಮುನ್ನೂರ ಹದಿನೆಂಟು, ನಾಲ್ಕನೆಯ ಒಣವಾರ
ಮಲಪ್ರಭೆಯ ದಂಡೆಯಿಂದ

ನಮಗಿಂತ ಮೊದಲು ಬಿತ್ತಿದವರೇ,

ನೀವು ಕಾಣದ ದಿನವೊಂದರಿಂದ ಬರೆಯುತ್ತಿದ್ದೇನೆ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಮನ್ನಿಸಬೇಕು. ಅವು ನೀವು ಹೋದ ಮೇಲೆ ಹುಟ್ಟಿದವು. ಮಳೆ ಹಳೆಯ ತಿಂಗಳುಗಳ ಲೆಕ್ಕಕ್ಕೆ ಸಿಗುವುದನ್ನು ಬಿಟ್ಟು ಬಹಳ ಕಾಲವಾಯಿತು. ಅದಕ್ಕೇ ಮಳೆ ನಿಂತ ದಿನದಿಂದ ಒಣವಾರ ಎಣಿಸುತ್ತೇವೆ. ನನ್ನ ಹೆಸರು ನಿಂಬೆವ್ವ. ಈ ಊರಿನ ಜರಡಿಯವಳು. ಊರ ಬಾಗಿಲಲ್ಲಿರುವ ಜರಡಿಕಟ್ಟೆಯ ಮೇಲೆ ಕೂತು, ಹೊರಗಿನಿಂದ ಬರುವ ಬಿತ್ತನೆಬೀಜದಲ್ಲಿ ಕಳೆಯ ಬೀಜ ಸೇರಿದೆಯೇ ಎಂದು ನೋಡುವುದು ನನ್ನ ಕೆಲಸ. ನಾನು ಒಪ್ಪದ ಬೀಜ ನಮ್ಮ ಮಣ್ಣಿಗೆ ಬೀಳುವಂತಿಲ್ಲ.

ಕೆಲಸ ಸದ್ದಿಲ್ಲದ್ದು. ಬೇವಿನ ನೆರಳಲ್ಲಿ ಬಿಳಿ ಬಟ್ಟೆ ಹಾಸಿ, ಬೀಜ ಹರವಿ, ಭೂತಗಾಜು ಹಿಡಿದು ನೋಡುತ್ತಾ ಹೋಗುತ್ತೇನೆ. ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವವರು ಕಟ್ಟೆಯ ಬಳಿ ಕಾಲು ತೊಳೆದು, ಸೀರೆಯ ಅಂಚು ಕೊಡವಿ ಮುಂದೆ ಹೋಗುತ್ತಾರೆ. ಎತ್ತುಗಳ ಬಾಲ ಬಾಚುವ ಕೆಲಸವನ್ನು ಮಕ್ಕಳು ಆಟದಂತೆ ಮಾಡುತ್ತಾರೆ. ಹರಟೆ, ಜಗಳ, ಸಂಬಂಧ ಕೇಳುವುದು ಎಲ್ಲವೂ ಅಲ್ಲೇ.

ನಾವು ಇಷ್ಟೊಂದು ಹೆದರುವುದು ನೂಲುಮಾರಿಗೆ. ನೀವು ಅದನ್ನು ಆಕಾಶಬಳ್ಳಿ ಎನ್ನುತ್ತಿದ್ದಿರಂತೆ. ಎಲೆಯಿಲ್ಲ, ನೆಲದಲ್ಲಿ ಬೇರೂ ಉಳಿಯುವುದಿಲ್ಲ. ಹಳದಿ ನೂಲಿನಂತೆ ಬೆಳೆಗೆ ಸುತ್ತಿಕೊಂಡು ಅದರ ರಸವನ್ನೇ ಕುಡಿಯುತ್ತದೆ. ಗುರೆಳ್ಳು ಅದಕ್ಕೆ ಬಲು ಇಷ್ಟ. ನಿಮ್ಮಲ್ಲಿ ಕೆಲವರು ಹುಚ್ಚೆಳ್ಳು ಎನ್ನುತ್ತಿದ್ದ ಅದೇ ಗುರೆಳ್ಳು. ನಮಗೆ ಎಣ್ಣೆಯೆಂದರೆ ಈಗ ಅದೊಂದೇ. ಈ ಮಾರಿಯನ್ನು ಯಾರೂ ಬೇಕೆಂದು ಬಿತ್ತಲಿಲ್ಲ. ಒಳ್ಳೆಯ ಬೀಜದ ಜೊತೆಗೆ, ಒಳ್ಳೆಯ ಮನಸ್ಸಿನವರ ಕೈಯಿಂದಲೇ ಅದು ಊರೂರು ಸೇರಿತು.

ಕಳೆದ ವರ್ಷ ನಡೆದದ್ದನ್ನು ಹೇಳಬೇಕೆಂದು ಈ ಪತ್ರ.

ನಮ್ಮಲ್ಲಿ ಮದುವಣಗಿತ್ತಿ ಗಂಡನ ಊರಿಗೆ ಬರುವಾಗ ತವರಿನ ಉಡಿಬೀಜ ತರುತ್ತಾಳೆ. ತಾಯಿಯ ಹೊಲದ ಬೀಜವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಗಂಡನ ಹೊಲದಲ್ಲಿ ತಾನೇ ಮೊದಲ ಸಾಲು ಬಿತ್ತುತ್ತಾಳೆ. ಬಾಳವ್ವನ ಮನೆಗೆ ಸೊಸೆಯಾಗಿ ಬಂದ ಕಸ್ತೂರೆವ್ವನ ಸೆರಗಿನಲ್ಲಿ ಗುರೆಳ್ಳು ಇತ್ತು. ಅವಳ ತಾಯಿ ಫಕೀರವ್ವ ಆ ಬೆಳೆಯ ರಾಶಿ ಮಾಡಿದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದಳು. ಆ ಗುರೆಳ್ಳಿನ ಎಣ್ಣೆಯ ಘಮ ಸುತ್ತಲ ಊರುಗಳಿಗೆ ಗೊತ್ತಿತ್ತು. ಆ ತಳಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ.

ಅದನ್ನು ಬಿಚ್ಚಿಸಿ ನಾನು ಬಟ್ಟೆಯ ಮೇಲೆ ಹರವಿದೆ. ಕರ್ರಗೆ ಮಿಂಚುವ ಉದ್ದನೆಯ ಕಾಳುಗಳ ನಡುವೆ ಅಲ್ಲಲ್ಲಿ ಸಾಸಿವೆಗಿಂತ ಚಿಕ್ಕ, ಮಣ್ಣುಬಣ್ಣದ ಒರಟು ದುಂಡುಕಾಳು ಕಂಡವು. ಭೂತಗಾಜು ಬೇಕಾಗಲೇ ಇಲ್ಲ. ಬೀಗರು, ಡೊಳ್ಳಿನವರು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ನೂಲುಮಾರಿ ಐತಿ," ಎಂದೆ. "ಇದನ್ನ ಬಿತ್ತಾಕ ಬರಂಗಿಲ್ಲ, ತಂಗಿ."

ಡೊಳ್ಳು ನಿಂತಿತು. ಬಾಳವ್ವ ಕಟ್ಟೆ ಹತ್ತಿ ನನ್ನ ಪಕ್ಕದಲ್ಲಿ ಕೂತಳು. ನಾವಿಬ್ಬರೂ ಚಿಕ್ಕಂದಿನ ಗೆಳತಿಯರು. "ನಿಂಬೆವ್ವಾ, ತಾಯಿ ಇಲ್ಲದ ಹುಡುಗಿ. ಒಂದ ಹಿಡಿ ಆರಿಸಿ ಕೊಡು. ನಾನೂ ಕೂಡ್ತೀನಿ, ಒಂದೊಂದ ಕಾಳ ನೋಡಿ ಆರಿಸೋಣು. ಒಂದ ಹಿಡಿ ಸಾಕು."

ಒಮ್ಮೆ ಮಾರಿ ಕಂಡ ಬೀಜವನ್ನು ಆರಿಸಿಯೂ ಬಿತ್ತಬಾರದು, ಸುಟ್ಟುಬಿಡಬೇಕು ಎಂಬುದು ಕಟ್ಟೆಯ ಕಟ್ಟಳೆ. ಆದರೂ ಬಾಳವ್ವನ ಕಣ್ಣು ನೋಡಿ ನನ್ನ ಕೈ ಆ ರಾಶಿಯತ್ತ ಹೋಯಿತು. ಹುಡುಗಿ ಬಗ್ಗಿ ನನ್ನ ಮುಂಗೈ ಹಿಡಿದಳು.

"ಬ್ಯಾಡ್ರಿ ಅಕ್ಕಾರ," ಎಂದಳು. "ನಾವೂ ಆರಿಸೇ ಬಿತ್ತಿದ್ವಿ. ಅವ್ವ, ನಾನು ಇಬ್ರೂ ಮೊರ ಮುಂದಿಟ್ಕೊಂಡು ಕುಂತು ಆರಿಸಿದ್ವಿ. ಹೂ ಬಿಡೋ ಹೊತ್ತಿಗೆ ಹೊಲದ ನಡುವ ಹಳದಿ ನೂಲು ಎದ್ದಿತ್ತು. ಅವ್ವ ಜ್ವರದಾಗೂ ಹೋಗಿ ಕಿತ್ತಳು. ಕಿತ್ತಷ್ಟೂ ಬಂತು. ಈ ಬೀಜ ಚೊಕ್ಕ ಇರಬಹುದು ಅಂತ ಆಸೆ ಇತ್ತು, ಅದಕ್ಕ ತಂದೆ. ಅತ್ತೀ ಹೊಲಕ್ಕ ನಾ ಇದನ್ನ ಹಾಕಲಾರೆ."

ಬಾಳವ್ವ ಸೊಸೆಯನ್ನು ಎಳೆದು ತನ್ನ ಮಗ್ಗುಲಲ್ಲಿ ಕೂರಿಸಿಕೊಂಡಳು. "ಸುಡೋದ ಬ್ಯಾಡ, ಹುರಿಯೋಣು," ಎಂದಳು. "ಬೀಗತಿ ಕೈ ಬೆಳಿ. ಬೆಂಕಿಗ್ಯಾಕ ಕೊಡೂದು? ನಾವ ಉಣ್ಣೋಣು."

ಜರಡಿ ಹಿಡಿದು ಉದುರಿದ ದುಂಡುಕಾಳನ್ನೆಲ್ಲ ಒಲೆಗೆ ಹಾಕಿದೆ. ಉಳಿದ ಗುರೆಳ್ಳನ್ನು ಕಟ್ಟೆಯ ಮೇಲೆಯೇ ಹುರಿದೆವು. ಹುರಿದ ಕಾಳು ಮೊಳೆಯುವುದಿಲ್ಲ. ಘಮ ಎದ್ದಾಗ ಕಸ್ತೂರೆವ್ವ ಮುಖ ಮುಚ್ಚಿಕೊಂಡು ಬಿಕ್ಕಿದಳು. ಆಮೇಲೆ ತಾನೇ ಎದ್ದು ಒಳಕಲ್ಲಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿದಳು. ಆ ಮಧ್ಯಾಹ್ನ ಮದುವೆಗೆ ಬಂದವರೆಲ್ಲ ರೊಟ್ಟಿಯ ಮೇಲೆ ಫಕೀರವ್ವನ ಗುರೆಳ್ಳಿನ ಚಟ್ನಿ ಹಾಕಿಸಿಕೊಂಡು ಉಂಡರು. ನಾನೂ ಉಂಡೆ. ಅಂಥ ರುಚಿಯನ್ನು ನಾನು ಮತ್ತೆ ಕಂಡಿಲ್ಲ.

ಊಟವಾದ ಮೇಲೆ ಊರ ಹೆಂಗಸರು ಒಬ್ಬೊಬ್ಬರೇ ಮನೆಗೆ ಹೋಗಿ ಬಂದರು. ಒಂದೊಂದು ಕಾಲದಲ್ಲಿ ಅವರೂ ತವರಿನಿಂದ ಬೀಜ ತಂದವರೇ. ಪ್ರತಿಯೊಬ್ಬಳೂ ತನ್ನ ಗುರೆಳ್ಳಿನಿಂದ ಒಂದು ಹಿಡಿ ತಂದು ಹುಡುಗಿಯ ಉಡಿ ತುಂಬಿದಳು. ಯಾರೂ ಹೇಳಿ ಮಾಡಿಸಿದ್ದಲ್ಲ. ಆ ಬೀಜವನ್ನೇ ಅವಳು ಮೊದಲ ಸಾಲಿಗೆ ಬಿತ್ತಿದಳು.

ಈ ವರ್ಷ ಅವಳ ಹೊಲ ಹಳದಿ ಹೂವಿನಿಂದ ತುಂಬಿತ್ತು. ಬದುವಿನಿಂದ ಬದುವಿಗೆ ನಡೆದು ನೋಡಿದೆ. ಒಂದು ನೂಲೂ ಇರಲಿಲ್ಲ. ಗಾಣದಿಂದ ಮೊದಲ ಎಣ್ಣೆ ಬಂದಾಗ ನನಗೊಂದು ಬಟ್ಟಲು ತಂದುಕೊಟ್ಟು, "ಅವ್ವನ ಎಣ್ಣಿಯಂಗಿಲ್ರಿ ಅಕ್ಕಾರ, ಬ್ಯಾರೇನ ಐತಿ," ಎಂದಳು. ನಾನು ಬಟ್ಟಲನ್ನು ಮೂಸಿ ನೋಡಿದೆ. ಅವಳೇ ನನ್ನ ಭುಜ ತಟ್ಟಿ, "ಇರಲಿ ಬಿಡ್ರಿ, ಹೊಲ ಚೊಕ್ಕ ಐತಿ," ಎಂದು ನಕ್ಕಳು.

ಆ ನಗು ಕಂಡ ಮೇಲೆಯೇ ನಿಮಗೆ ಬರೆಯಲು ಕೂತೆ. ನಿಮ್ಮ ಬೀಜದ ಚೀಲಕ್ಕೂ ಒಂದು ಚೀಟಿ ಹೊಲಿದಿರುತ್ತಿತ್ತಂತೆ, ಕಳೆಬೀಜ ಇಷ್ಟಕ್ಕಿಂತ ಹೆಚ್ಚಿರಬಾರದು ಎಂದು. ಅದನ್ನು ಓದದೆ ಹರಿದು ಎಸೆಯಬೇಡಿ. ಅದನ್ನು ನೋಡಲೆಂದೇ ನೇಮಿಸಿದವರ ಮೇಲೆ, ತಡಮಾಡುತ್ತಾರೆಂದು ಸಿಟ್ಟಾಗಬೇಡಿ. ಅಕ್ಕಪಕ್ಕದವರು ಪ್ರೀತಿಯಿಂದ ಕೊಟ್ಟ ಬೀಜವನ್ನೂ ಬಿತ್ತುವ ಮೊದಲು ಅಂಗೈಯಲ್ಲಿ ಹರವಿ ನೋಡಿ. ಫಕೀರವ್ವನ ಹತ್ತು ತಲೆಮಾರಿನ ಹಿಂದಿನ ಅಜ್ಜಿ ಈಗ ನಿಮ್ಮ ನಡುವೆಯೇ ಎಲ್ಲೋ ಇದ್ದಾಳೆ. ಅವಳ ಮನೆಯ ಗಡಿಗೆಯಲ್ಲಿ ಆ ಗುರೆಳ್ಳು ಇನ್ನೂ ಚೊಕ್ಕವಾಗಿದೆ.

ನಿಮ್ಮ ಮಗಳಂಥವಳು,
ನಿಂಬೆವ್ವ